ನೆಮ್ಮದಿಯೋ, ಎಚ್ಚರವೋ?

ಮುಂಬಯಿಯಲ್ಲಿ ಸಂಸಾರ ಹೂಡಿದವರಿಗೆ ನೆಮ್ಮದಿಯ ಮಹತ್ವವನ್ನು ಯಾರೂ ವಿವರಿಸಬೇಕಾಗಿಲ್ಲ. ಅದು ಇಲ್ಲದೆ ಬದುಕುವುದು ಹೇಗೆಂಬುದನ್ನು ನಾವು ದಿನಕ್ಕೆ ಎರಡು ಹೊತ್ತು ಲೋಕಲ್ ಗಾಡಿಯಲ್ಲಿ ಅಭ್ಯಾಸ ಮಾಡುತ್ತಲೇ ಇದ್ದೇವೆ. ನಲ್ಲಿಯಲ್ಲಿ ನೀರು ಬರುವ ಹೊತ್ತಿಗೆ ಎದ್ದು, ಡಬ್ಬಿ ಕಟ್ಟಿಸಿಕೊಂಡು, ಈ ಗಾಡಿ ತಪ್ಪಿದರೆ ಮುಂದಿನದರಲ್ಲಿ ಕಾಲಿಡಲು ಜಾಗ ಸಿಗದೆಂದು ಓಡಿ, ಒಂದು ಕೈ ಮೇಲಿನ ಹಿಡಿಕೆಯಲ್ಲಿ, ಇನ್ನೊಂದು ಕೈ ಜೇಬಿನ ಮೇಲೆ ಇಟ್ಟು ನಿಂತವನಿಗೆ 'ಮನಸ್ಸನ್ನು ಶಾಂತವಾಗಿಟ್ಟುಕೋ' ಎಂದು ಯಾರಾದರೂ ಹೇಳಿದರೆ ನಗು ಬರುವುದು ಸಹಜ. ಆದರೂ ಆ ಮಾತಿಗೆ ಕಿವಿಗೊಡದವರು ನಮ್ಮಲ್ಲಿ ವಿರಳವೇ. ಸಂಘದ ಕಾರ್ಯಕ್ರಮಗಳಲ್ಲಿ ಹಿಂದೆ 'ಮಗನಿಗೆ ಎಲ್ಲಿ ಕೆಲಸವಾಯಿತು?' ಎಂದು ಕೇಳುತ್ತಿದ್ದವರು ಈಗ 'ನೀವು ಕೂರುತ್ತೀರಾ?' ಎಂದು ಕೇಳುತ್ತಾರೆ. ಕೂರುವುದೆಂದರೆ ಧ್ಯಾನಕ್ಕೆ ಕೂರುವುದು. ಕೆಲವರು ಫೋನಿನೊಳಗಿನ ಗಂಟೆಯ ಸದ್ದಿಗೆ ಕಣ್ಣು ಮುಚ್ಚುತ್ತಾರೆ, ಅದೇ ಗಂಟೆಗೆ ತೆರೆಯುತ್ತಾರೆ. ಇನ್ನು ಕೆಲವರು ಹತ್ತು ದಿನ ರಜೆ ಹಾಕಿ ಇಗತ್ಪುರಿಗೆ ಹೋಗಿ ಬಂದಿದ್ದಾರೆ.

ನಾವೂ ಹೋಗಿ ಬಂದವರೇ. ಆದ್ದರಿಂದ ಮುಂದೆ ಹೇಳುವ ಮಾತನ್ನು ಧ್ಯಾನದ ನಿಂದೆಯೆಂದು ವಾಚಕರು ತಿಳಿಯಬಾರದು.

ಕಸಾರಾ ಘಾಟಿ ಹತ್ತಿದೊಡನೆ ಸಿಗುವ ಇಗತ್ಪುರಿಯಲ್ಲಿ 1976ರಿಂದ ನಡೆಯುತ್ತಿರುವ ವಿಪಶ್ಯನ ಕೇಂದ್ರವನ್ನು ಸ್ಥಾಪಿಸಿದವರು ಸತ್ಯನಾರಾಯಣ ಗೋಯೆಂಕಾ. ಬರ್ಮಾದ ಮಾಂಡಲೆಯಲ್ಲಿ 1924ರಲ್ಲಿ ಹುಟ್ಟಿದ ವ್ಯಾಪಾರಿ. ತೀರದ ತಲೆನೋವಿಗೆ ಮದ್ದು ಹುಡುಕುತ್ತಾ ಹೋಗಿ ಧ್ಯಾನ ಕಲಿತು, 1969ರಲ್ಲಿ ಭಾರತಕ್ಕೆ ಬಂದು, 2013ರಲ್ಲಿ ತೀರಿಕೊಳ್ಳುವವರೆಗೆ ಅದನ್ನೇ ಕಲಿಸಿದರು. ಅವರ ಗುರುಗಳ ವಿಷಯವಂತೂ ನಮ್ಮಂಥ ಕಛೇರಿಯ ಜನಕ್ಕೆ ಇನ್ನೂ ಪ್ರಿಯವಾದದ್ದು. ಊ ಬಾ ಖಿನ್ ಕಾವಿ ಉಟ್ಟವರಲ್ಲ. ಗುಮಾಸ್ತೆಯಾಗಿ ಸೇರಿ, ಬರ್ಮಾ ಸ್ವತಂತ್ರವಾದ 1948ರಲ್ಲಿ ಆ ದೇಶದ ಅಕೌಂಟೆಂಟ್ ಜನರಲ್ ಆದವರು. ತಮ್ಮ ಕಛೇರಿಯ ನೌಕರರಿಗೂ ಅವರು ಧ್ಯಾನ ಕಲಿಸುತ್ತಿದ್ದರು. ಕಡತ, ಲೆಕ್ಕ, ಮೇಲಧಿಕಾರಿ, ಕೆಳ ನೌಕರ ಎಲ್ಲದರ ನಡುವೆ ಕುಳಿತು ಒಬ್ಬ ಮನುಷ್ಯ ಇದನ್ನು ಸಾಧಿಸಿದನೆಂದರೆ, ಸಂಸಾರಿಗಳಿಗೆ ಇದು ಸಲ್ಲದೆಂಬ ವಾದ ಅಲ್ಲಿಗೇ ಬಿದ್ದುಹೋಗುತ್ತದೆ.

ಆ ಹತ್ತು ದಿನ ಮಾತಿಲ್ಲ, ಫೋನಿಲ್ಲ, ಓದುಬರಹವಿಲ್ಲ. ಶುಲ್ಕವೂ ಇಲ್ಲ; ಹಿಂದೆ ಕಲಿತು ಹೋದವರು ಕೊಟ್ಟ ದಾನದಿಂದ ನಮ್ಮ ಊಟ ನಡೆಯುತ್ತದೆ. ಮೊದಲ ಮೂರು ದಿನ ಮೂಗಿನ ತುದಿಯಲ್ಲಿ ಉಸಿರು ಬಂದು ಹೋಗುವುದನ್ನು ನೋಡುವುದು, ಆಮೇಲೆ ಮೈಯ ಮೇಲೆ ಏಳುವ ನೋವು, ತುರಿಕೆ, ಜುಮುಜುಮುಗಳನ್ನು ಪ್ರತಿಕ್ರಿಯೆ ತೋರದೆ ಗಮನಿಸುವುದು. ಹತ್ತನೆಯ ದಿನ ಮೈತ್ರಿಯನ್ನು ಕಲಿಸುತ್ತಾರೆ, ಎಂದರೆ ಗಳಿಸಿದ ಶಾಂತಿಯನ್ನು ಇತರರ ಹಿತಕ್ಕಾಗಿ ಹರಸುವುದು. ಅಂದೇ ಮಾತನಾಡಲು ಅನುಮತಿಯೂ ಸಿಗುತ್ತದೆ. ನಮಗಂತೂ ಒಂಬತ್ತು ದಿನ ಕಟ್ಟಿಟ್ಟ ಮಾತು ಬಿಚ್ಚುವ ಸಂಭ್ರಮದಲ್ಲಿ ಮೈತ್ರಿಯ ಪಾಠ ಅಷ್ಟಾಗಿ ತಲೆಗೆ ಹೋಗಲಿಲ್ಲ. ಈಗ ಯೋಚಿಸಿದರೆ, ಎಡವಟ್ಟು ಅಲ್ಲಿಂದಲೇ ಶುರುವಾಯಿತೆನಿಸುತ್ತದೆ.

ಮನೆಗೆ ಬಂದು ಬೆಳಿಗ್ಗೆ ಅರ್ಧ ಗಂಟೆ ಕೂರುವುದೆಂದು ನಿಶ್ಚಯಿಸಿದೆವು. ಫಲ ಕಾಣಲಿಲ್ಲವೆಂದರೆ ಸುಳ್ಳಾಗುತ್ತದೆ. ರಾತ್ರಿ ನಿದ್ದೆ ಬರತೊಡಗಿತು. ಗಾಡಿಯಲ್ಲಿ ಕಾಲು ತುಳಿದವನ ಮೇಲೆ ಏರಿಹೋಗುವುದು ನಿಂತಿತು. ಕಛೇರಿಯಲ್ಲಿ 'ನೀವು ಬಹಳ ಬದಲಾಗಿದ್ದೀರಿ' ಎಂದರು, ಅದನ್ನು ಕೇಳಿ ಒಳಗೊಳಗೇ ಹಿಗ್ಗಿದೆವು. ಹಿಗ್ಗನ್ನೂ ಗಮನಿಸಬೇಕೆಂದು ಗುರುಗಳು ಹೇಳಿದ್ದು ಆಗ ನೆನಪಾಗಲಿಲ್ಲ.

ಆದರೆ ನಾವು ಕೂರುವ ಆ ಅರ್ಧ ಗಂಟೆ ಎಲ್ಲಿಂದ ಬಂತು? ಒಂದು ಹಾಲು, ಒಂದು ಮಲಗುವ ಕೋಣೆ, ಒಂದು ಅಡಿಗೆಮನೆಯ ಫ್ಲಾಟಿನಲ್ಲಿ ಮೌನವೆಂಬುದು ತಾನಾಗಿ ದೊರೆಯುವ ವಸ್ತುವಲ್ಲ. ಅದನ್ನು ಯಾರಾದರೂ ಒದಗಿಸಬೇಕು. ನಮ್ಮ ಮನೆಯವರು ಕುಕ್ಕರನ್ನು ಅರ್ಧ ಗಂಟೆ ತಡವಾಗಿ ಇಡತೊಡಗಿದರು. ಅದರಿಂದಾಗಿ ಅವರ ಸ್ನಾನ ತಡವಾಗಿ, ಅವರ ಗಾಡಿ ತಡವಾಯಿತು. ಪಾತ್ರೆಯ ಬಾಯಿ ಬಾಗಿಲಲ್ಲೇ ನಿಂತು ಸನ್ನೆಯಲ್ಲಿ ಮಾತನಾಡತೊಡಗಿದಳು. ಮಗಳು ಪಾಠವನ್ನು ಗಟ್ಟಿಯಾಗಿ ಓದುವುದನ್ನು ಬಿಟ್ಟಳು. ನಾವು ನಡುವೆ ಕುಳಿತು ಉಸಿರು ನೋಡುತ್ತಿದ್ದರೆ ಸುತ್ತಲಿನ ಮೂವರು ಉಸಿರು ಬಿಗಿಹಿಡಿದು ಓಡಾಡುತ್ತಿದ್ದರು! ಒಂದು ದಿನ ನಮ್ಮ ಮನೆಯವರು, ಸಿಟ್ಟಿನಿಂದಲ್ಲ, ಲೆಕ್ಕ ಹೇಳುವವರಂತೆ ಹೇಳಿದರು: "ನಿಮಗೆ ಅರ್ಧ ಗಂಟೆ ಸಿಕ್ಕಿತು, ಸರಿ. ನನ್ನದು ಅರ್ಧ ಗಂಟೆ ಹೋಯಿತಲ್ಲ, ಅದನ್ನು ಎಲ್ಲಿ ಬರೆಯುತ್ತೀರಿ?"

ಉತ್ತರವಿರಲಿಲ್ಲ. ಹತ್ತು ದಿನದ ಶಿಬಿರಕ್ಕೆ ಯಾರು ಹೋಗಬಲ್ಲರು, ಅವರು ಹೋದಾಗ ಮನೆ ಕಾಯುವವರು ಯಾರು ಎಂಬ ಪ್ರಶ್ನೆಯನ್ನೂ ನಾವು ಗಂಡಸರು ಸಾಮಾನ್ಯವಾಗಿ ಕೇಳಿಕೊಳ್ಳುವುದಿಲ್ಲ. ಕೂರುವ ಹೊತ್ತನ್ನು ನಸುಕಿನ ನಾಲ್ಕೂವರೆಗೆ ಬದಲಿಸಿಕೊಂಡೆವು. ಆ ಪ್ರಕರಣ ಅಲ್ಲಿಗೆ ಮುಗಿಯಿತು. ಮುಗಿಯದ ಪ್ರಕರಣ ಬೇರೊಂದಿದೆ.

ಊರಿನ ಮನೆಯಲ್ಲಿ, ಕುಂದಾಪುರದ ಕಡೆ, ಅಮ್ಮ ಮತ್ತು ಜೊತೆಗೆ ನಮ್ಮ ಸೋದರತ್ತೆ ಇದ್ದಾರೆ, ಇಬ್ಬರೂ ಎಂಬತ್ತರ ಆಚೀಚೆಯವರು. ಪ್ರತಿ ಭಾನುವಾರ ಸಂಜೆ ಅಮ್ಮನಿಗೆ ಫೋನು. ಊರು ಬಿಟ್ಟು ಬಂದ ನಮ್ಮೆಲ್ಲರ ಮನೆಗಳಲ್ಲೂ ಈ ಕ್ರಮವುಂಟು. ಆ ಮಾತುಕತೆಯ ಸ್ವರೂಪವೂ ಎಲ್ಲರಿಗೆ ಗೊತ್ತಿದ್ದದ್ದೇ. ಮಳೆ ಬಂತು, ತೆಂಗಿನಕಾಯಿ ಕೊಯ್ಯುವವ ಬರಲಿಲ್ಲ, ಅವರ ಮನೆಯ ಮದುವೆ ನಿಶ್ಚಯವಾಯಿತು, ಇವರ ಮನೆಯ ದನ ಕರು ಹಾಕಿತು. ಕಳೆದ ವಾರ ಹೇಳಿದ್ದು ಈ ವಾರ ಇನ್ನೊಮ್ಮೆ. ಮೊದಲೆಲ್ಲ ನಾವು ಸಿಡುಕುತ್ತಿದ್ದೆವು. 'ಅದನ್ನು ಹೇಳಿಯಾಯಿತಲ್ಲ ಅಮ್ಮ' ಎಂದು ಮಾತು ತುಂಡರಿಸುತ್ತಿದ್ದೆವು. ಆಮೇಲೆ ಫೋನು ಇಟ್ಟು ಪಶ್ಚಾತ್ತಾಪ ಪಡುತ್ತಿದ್ದೆವು.

ಧ್ಯಾನ ಕಲಿತ ಮೇಲೆ ಸಿಡುಕು ನಿಂತಿತು. ಅಮ್ಮ ಮಾತಿಗೆ ಶುರುಮಾಡಿದ ಕೂಡಲೇ ಕಣ್ಣು ಮುಚ್ಚಿ, ಉಸಿರಿನ ಮೇಲೆ ಗಮನವಿಟ್ಟು, ನಡುನಡುವೆ 'ಹ್ಞೂಂ' ಎನ್ನುತ್ತಿದ್ದೆವು. ಅರ್ಧ ಗಂಟೆಯಾದರೂ ಬೇಸರವಿಲ್ಲ. ಎಷ್ಟೊಂದು ಸಾಧನೆಯಾಯಿತೆಂದು ನಮ್ಮ ಬಗ್ಗೆ ನಮಗೇ ಮೆಚ್ಚುಗೆ! ನಮ್ಮ ಮನೆಯವರು ಒಮ್ಮೆ ಕೇಳಿದರು: "ಅತ್ತೆ ಮಾತಾಡುವಾಗ ನೀವು ಯಾಕೆ ಕಣ್ಣು ಮುಚ್ಚಿ ಕೂರುವುದು?" ತಾಳ್ಮೆಯ ಅಭ್ಯಾಸ ಎಂದೆವು.

ಮರುವರ್ಷದ ಮೇ ತಿಂಗಳಲ್ಲಿ ಊರಿಗೆ ಹೋದಾಗ ಅಮ್ಮ ಕಾಫಿ ತಂದು ಬಗ್ಗಿಸಿದಳು. ಅರ್ಧ ಲೋಟಕ್ಕೆ ಬಿತ್ತು, ಅರ್ಧ ನೆಲಕ್ಕೆ. ಪೇಟೆಯ ಕಣ್ಣಿನ ಡಾಕ್ಟರರ ಹತ್ತಿರ ಕರೆದುಕೊಂಡು ಹೋದೆವು. ಪೊರೆಯಿರಬಹುದು, ತೆಗೆಸಿದರಾಯಿತು ಎಂದುಕೊಂಡಿದ್ದೆವು. ಅದು ಗ್ಲಾಕೋಮ. ಕಣ್ಣಿನೊಳಗಿನ ಒತ್ತಡದಿಂದ ನರ ಸಾಯುತ್ತಾ ಬರುವ ರೋಗ. ಹೆಚ್ಚಿನವರಿಗೆ ನೋವಿಲ್ಲ, ಕೆಂಪಾಗುವುದಿಲ್ಲ. ಮೊದಲು ಬದಿಯ ನೋಟ ಹೋಗುತ್ತದೆ, ಕೊನೆಗೆ ನಡುವಿನದು. ಪೊರೆ ತೆಗೆದರೆ ದೃಷ್ಟಿ ಬರುವಂತೆ ಇಲ್ಲಿ ಹೋದದ್ದು ಬರುವುದಿಲ್ಲ. ಉಳಿದದ್ದನ್ನು ಹನಿ ಮದ್ದಿನಿಂದ ಕಾಪಾಡಿಕೊಳ್ಳಬಹುದು, ಅಷ್ಟೆ. ಬಲಗಣ್ಣು ಬಹುಪಾಲು ಹೋಗಿತ್ತು, ಎಡಗಣ್ಣು ಮುಕ್ಕಾಲು ಉಳಿದಿತ್ತು. ಒಂದು ವರ್ಷ ಮೊದಲೇ ಬಂದಿದ್ದರೆ ಬಲಗಣ್ಣನ್ನೂ ಒಂದಿಷ್ಟು ಉಳಿಸಬಹುದಿತ್ತೆಂದು ಡಾಕ್ಟರರು ಹೇಳಿದರು. "ಏನೂ ಹೇಳಲಿಲ್ಲವಲ್ಲ ಅಮ್ಮ, ನೀನು?" ಎಂದು ನಾವು ಅಲ್ಲಿಯೇ ಕೇಳಿದೆವು.

ಅಮ್ಮ ಹೇಳಿದಳು: "ಹೇಳಿದ್ದೆನಲ್ಲ ಮಗಾ. ಪಡಸಾಲೆಯ ಹೊಸ್ತಿಲು ಎಡವಿದ್ದು ಹೇಳಿದೆ. ಹಾಲಿನ ಪಾತ್ರೆ ಕೈತಾಗಿ ಚೆಲ್ಲಿದ್ದು ಹೇಳಿದೆ. ಬದಿಮನೆಯವಳು ಪಕ್ಕದಲ್ಲೇ ಬಂದು ನಿಂತರೂ ಕಾಣಲಿಲ್ಲ, ಅವಳು ಬೇಜಾರು ಮಾಡಿಕೊಂಡಳು ಅಂತಲೂ ಹೇಳಿದೆ. ನೀನು ಹ್ಞೂಂ ಅಂದಿದ್ದೆ."

ಆರೋಪದ ಧ್ವನಿ ಅದರಲ್ಲಿ ಇರಲಿಲ್ಲ. ಹೇಳಿದ್ದೇನೆ, ಮಗನಿಗೆ ಗೊತ್ತಿದೆ, ಗೊತ್ತಿದ್ದೂ ಅವನು ಗಾಬರಿಯಾಗಿಲ್ಲವೆಂದರೆ ಗಾಬರಿಯಾಗುವಂಥದ್ದೇನೂ ಅಲ್ಲವೆಂದು ಅವಳು ತಿಳಿದಿದ್ದಳು. ನಮ್ಮ ಶಾಂತಿ ಅವಳಿಗೆ ಧೈರ್ಯ ಕೊಟ್ಟಿತ್ತು!

ಸಿಡುಕುತ್ತಿದ್ದ ಕಾಲದಲ್ಲಾಗಿದ್ದರೆ ಏನಾಗುತ್ತಿತ್ತೆಂದು ಈ ಬರಹ ಬರೆಯುವಾಗಲೂ ಯೋಚಿಸುತ್ತೇವೆ. 'ಎಷ್ಟು ಸಲ ಎಡವುತ್ತೀ, ಕಣ್ಣು ಕಾಣುವುದಿಲ್ಲವೇ ನಿನಗೆ?' ಎಂದು ರೇಗುತ್ತಿದ್ದೆವೋ ಏನೋ. ರೇಗಿದ ಆ ಒರಟು ಮಾತೇ ಡಾಕ್ಟರರ ಬಾಗಿಲಿಗೆ ಕರೆದೊಯ್ಯುತ್ತಿತ್ತು. ಸಿಡುಕುವವನ ಕಿವಿಯಾದರೂ ತೆರೆದಿರುತ್ತದೆ. ನಾವು ಕಿವಿಯನ್ನೂ ಮುಚ್ಚಿಕೊಂಡು, ಮುಚ್ಚಿಕೊಂಡದ್ದಕ್ಕೆ ಸಾಧನೆಯೆಂದು ಹೆಸರಿಟ್ಟಿದ್ದೆವು.

ಇದು ಧ್ಯಾನದ ತಪ್ಪೇ? ಆ ವಿಷಯ ಇತ್ಯರ್ಥವಾಗದೆ ಮನಸ್ಸು ನಿಲ್ಲಲಿಲ್ಲವಾದ್ದರಿಂದ ಮೂಲದಲ್ಲಿ ಏನಿದೆಯೆಂದು ಹುಡುಕಿದೆವು. ಈಗ ಎಲ್ಲರ ಬಾಯಲ್ಲಿರುವ 'ಮೈಂಡ್‌ಫುಲ್‌ನೆಸ್' ಎಂಬ ಮಾತು ಪಾಲಿ ಭಾಷೆಯ 'ಸತಿ' ಶಬ್ದಕ್ಕೆ ಇಂಗ್ಲಿಷ್ ಪಂಡಿತರು ಹತ್ತೊಂಬತ್ತನೆಯ ಶತಮಾನದಲ್ಲಿ ಕೊಟ್ಟ ಅನುವಾದ. ಅಮೆರಿಕದ ಮೆಸಾಚುಸೆಟ್ಸ್‌ನ ವೈದ್ಯಕೀಯ ಕಾಲೇಜಿನಲ್ಲಿ 1979ರಲ್ಲಿ ಜಾನ್ ಕಬಾಟ್-ಜಿನ್ ಎಂಬವರು ಅದನ್ನು ರೋಗಿಗಳ ಉಪಶಮನಕ್ಕೆ ಬಳಸತೊಡಗಿದ ಮೇಲೆ ಅದು ಊರೂರು ಸುತ್ತಿ, ಕೊನೆಗೆ ಫೋನಿನ ಗಂಟೆಯಾಗಿ ನಮ್ಮಲ್ಲಿಗೆ ಮರಳಿತು. 'ಸತಿ' ಎಂದರೆ ಸಂಸ್ಕೃತದ 'ಸ್ಮೃತಿ'ಯೇ. ಸ್ಮೃತಿಯೆಂದರೆ ನೆನಪು. ಶಾಂತಿಯಲ್ಲ, ಮೌನವಲ್ಲ, ನೆನಪು! ಎದುರಿಗಿರುವುದನ್ನು ಮರೆಯದಿರುವುದು. ಕನ್ನಡದಲ್ಲಿ ಅದಕ್ಕೆ 'ಎಚ್ಚರ' ಎನ್ನುವುದೇ ಹತ್ತಿರವೆಂದು ನಮಗೆ ತೋರುತ್ತದೆ. ನಿದ್ದೆಗೆ ವಿರುದ್ಧವಾದದ್ದೂ ಎಚ್ಚರ, ಅಜಾಗ್ರತೆಗೆ ವಿರುದ್ಧವಾದದ್ದೂ ಎಚ್ಚರ.

ಈ ಎಚ್ಚರವನ್ನು ವಿವರಿಸುವ ಸತಿಪಟ್ಠಾನ ಸುತ್ತವನ್ನು ಬುದ್ಧ ಕುರು ದೇಶದಲ್ಲಿ, ಎಂದರೆ ಈಗಿನ ದಿಲ್ಲಿಯ ಆಸುಪಾಸಿನ ನಾಡಿನಲ್ಲಿ ಬೋಧಿಸಿದನೆಂದು ಆ ಗ್ರಂಥವೇ ಹೇಳುತ್ತದೆ. ದಿಲ್ಲಿ ಕನ್ನಡಿಗರು ಹೆಮ್ಮೆಪಡಲಿ. ಅದರಲ್ಲಿ ಕೂರುವ ಮಾತು ಒಂದು ಭಾಗ ಮಾತ್ರ. ನಡೆಯುವಾಗ, ಕೈ ಮಡಿಸುವಾಗ, ಚಾಚುವಾಗ, ತಿನ್ನುವಾಗ, ಮಾತನಾಡುವಾಗ, ಸುಮ್ಮನಿರುವಾಗ, ಅಷ್ಟೇಕೆ, ಮಲಮೂತ್ರ ವಿಸರ್ಜನೆಯಲ್ಲೂ ಎಚ್ಚರ ಬೇಕೆಂದಿದೆ. ನಮ್ಮನ್ನು ತಡೆದು ನಿಲ್ಲಿಸಿದ್ದು ಬೇರೊಂದು ಮಾತು. ಒಳಗೆ ಗಮನಿಸಬೇಕು, ಹೊರಗೆ ಗಮನಿಸಬೇಕು, ಒಳಹೊರಗು ಎರಡನ್ನೂ ಗಮನಿಸಬೇಕು ಎಂದು ಮತ್ತೆ ಮತ್ತೆ ಬರುತ್ತದೆ. 'ಹೊರಗೆ' ಎಂದರೆ ಇತರರಲ್ಲಿ ಎಂದು ಹಳೆಯ ವ್ಯಾಖ್ಯಾನ. ನಾವು ಒಳಗಿನದನ್ನು ಹಿಡಿದು ಹೊರಗಿನದನ್ನು ಬಿಟ್ಟಿದ್ದೆವು. ಫೋನಿನಲ್ಲಿ ನಮ್ಮ ಉಸಿರು ಕೇಳಿಸುತ್ತಿತ್ತು, ಅಮ್ಮನ ಮಾತು ಕೇಳಿಸುತ್ತಿರಲಿಲ್ಲ.

ವಿನಯ ಪಿಟಕದಲ್ಲಿ ಒಂದು ಕಥೆಯಿದೆ. ಹೊಟ್ಟೆಯ ರೋಗವಾದ ಒಬ್ಬ ಭಿಕ್ಷು ತನ್ನ ಮಲಮೂತ್ರದಲ್ಲೇ ಬಿದ್ದಿದ್ದ. ಬುದ್ಧ ಆನಂದನೊಡನೆ ವಸತಿಗಳನ್ನು ನೋಡುತ್ತಾ ಬಂದವನು ಅವನನ್ನು ಕಂಡ. ನೀರು ತರಿಸಿ, ಇಬ್ಬರೂ ಸೇರಿ ತೊಳೆದು, ಎತ್ತಿ ಮಂಚದ ಮೇಲೆ ಮಲಗಿಸಿದರು. ಸುತ್ತಲೂ ಅಷ್ಟೊಂದು ಭಿಕ್ಷುಗಳಿದ್ದರು. ಏಕೆ ನೋಡಿಕೊಳ್ಳಲಿಲ್ಲವೆಂದು ಕೇಳಿದರೆ, ಅವನಿಂದ ನಮಗೇನೂ ಉಪಯೋಗವಿರಲಿಲ್ಲವೆಂದರಂತೆ. ಇಲ್ಲಿ ನಿಮಗೆ ತಾಯಿಯಿಲ್ಲ, ತಂದೆಯಿಲ್ಲ, ಒಬ್ಬರನ್ನೊಬ್ಬರು ನೋಡಿಕೊಳ್ಳದಿದ್ದರೆ ಇನ್ನಾರು ನೋಡುತ್ತಾರೆ ಎಂದು ಅವನು ಗದರಿಸಿದ. ಉಸಿರಾಟವನ್ನು ನೋಡುವುದರಲ್ಲಿ ಅವರೆಲ್ಲ ನಮಗಿಂತ ನುರಿತವರೇ ಆಗಿದ್ದಿರಬೇಕು.

ಹಾಗಾದರೆ ಎಚ್ಚರವೊಂದಿದ್ದರೆ ಸಾಕೇ? ಮಾಟುಂಗದ ಹೋಟೆಲೊಂದರಲ್ಲಿ ಕಾವಲಿಯ ಮುಂದೆ ನಿಂತ ಹುಡುಗನನ್ನು ನೋಡಿ. ನೀರು ಚಿಮುಕಿಸಿದಾಗ ಬರುವ ಸದ್ದಿನಿಂದಲೇ ಕಾವು ತಿಳಿಯುತ್ತಾನೆ. ಎಂಟು ದೋಸೆಗಳಲ್ಲಿ ಯಾವುದು ಯಾವಾಗ ಏಳಬೇಕೆಂಬುದು ಅವನ ಕೈಗೆ ಗೊತ್ತು. ಮಾಣಿ ಆರು ಮೇಜಿನ ಆರ್ಡರನ್ನು ಚೀಟಿಯಿಲ್ಲದೆ ಹೊತ್ತು ತಿರುಗುತ್ತಾನೆ. ಅವರಲ್ಲಿ ಎಚ್ಚರ ತುಂಬಿದೆ, ಆದರೆ ದಿನಕ್ಕೆ ಹನ್ನೆರಡು ಗಂಟೆ ನಿಂತ ಆ ಮಕ್ಕಳಿಗೆ ನೆಮ್ಮದಿಯಿದೆಯೆಂದು ಹೇಳಲು ನಮಗೆ ನಾಲಗೆ ಏಳುವುದಿಲ್ಲ. ಅವರಿಗೆ ಬೇಕಾದದ್ದು ಧ್ಯಾನದ ತರಗತಿಯೋ, ವಾರಕ್ಕೊಂದು ರಜೆಯೋ? ಈಚೆಗೆ ಕೆಲವು ಕಛೇರಿಗಳಲ್ಲಿ ಕೆಲಸದ ಹೊರೆ ಇಳಿಸುವ ಬದಲು ಧ್ಯಾನದ ತರಗತಿ ಇಡುತ್ತಿದ್ದಾರೆ. ಮನೆಗೆಲಸದಲ್ಲಿ ಕೈಜೋಡಿಸದ ಗಂಡ, ದಣಿದ ಹೆಂಡತಿಗೆ 'ನೀನೂ ಸ್ವಲ್ಪ ಕೂರು, ಸಮಾಧಾನವಾಗುತ್ತದೆ' ಎನ್ನುವುದೂ ಇದೇ ಜಾತಿಯ ಉಪದೇಶ. ಅಂಥ ಕಡೆ ಅಶಾಂತಿಯೇ ಸರಿಯಾದ ಸುದ್ದಿ. ಅದನ್ನು ಅಡಗಿಸುವುದು ಸುದ್ದಿ ತಂದವನ ಬಾಯಿ ಮುಚ್ಚಿಸಿದಂತೆ. ಇನ್ನು ಜೇಬುಗಳ್ಳನ ಎಚ್ಚರ ಲೋಕಲ್ ಗಾಡಿಯ ಪ್ರಯಾಣಿಕರಾದ ನಮಗೆ ಗೊತ್ತಿಲ್ಲದ್ದಲ್ಲ. ಬರಿಯ ಸತಿ ಎನ್ನದೆ 'ಸಮ್ಮಾ ಸತಿ', ಸರಿಯಾದ ಎಚ್ಚರ ಎಂದು ಹಿರಿಯರು ಒಂದು ವಿಶೇಷಣ ಸೇರಿಸಿದ್ದು ಅದಕ್ಕಾಗಿಯೇ ಇರಬೇಕು.

ನೆಮ್ಮದಿ ಬಯಸುವುದು ತಪ್ಪೆಂದು ನಾವು ಹೇಳಲಾರೆವು. ನಮ್ಮ ಕಟ್ಟಡದಲ್ಲಿ ಗಂಡನನ್ನು ಕಳೆದುಕೊಂಡ ಹೆಂಗಸೊಬ್ಬರು ತಿಂಗಳುಗಟ್ಟಲೆ ನಿದ್ದೆಯಿಲ್ಲದೆ ಬಳಲಿ, ಉಸಿರು ನೋಡುವುದನ್ನು ಕಲಿತ ಮೇಲೆ ಕಣ್ಣು ಮುಚ್ಚುವಂತಾಯಿತು. ಅವರ ಮುಂದೆ ನಮ್ಮ ಈ ತರ್ಕವನ್ನೆಲ್ಲ ಬಿಚ್ಚುವುದು ನಿಷ್ಕರುಣೆಯಾದೀತು. ವಿಯೆಟ್ನಾಮಿನ ಭಿಕ್ಷು ತಿಕ್ ನಾಟ್ ಹಾನ್ 1974ರಲ್ಲಿ ಫ್ರಾನ್ಸಿನಿಂದ ತಮ್ಮ ದೇಶದ ಸಮಾಜಸೇವಕನೊಬ್ಬನಿಗೆ ಬರೆದ ದೀರ್ಘ ಪತ್ರವೇ ಮುಂದೆ ಎಚ್ಚರದ ಬಗೆಗಿನ ಪ್ರಸಿದ್ಧ ಪುಸ್ತಕವಾಯಿತು. ಪಾತ್ರೆ ತೊಳೆಯುವಾಗ ಪಾತ್ರೆ ತೊಳೆಯುವುದನ್ನೇ ಅರಿಯಬೇಕೆಂಬ ಅವರ ಮಾತನ್ನು ಈಗ ಎಲ್ಲರೂ ಹೇಳುತ್ತಾರೆ. ಯುದ್ಧದ ನಡುವೆ ಹಳ್ಳಿಗಳಲ್ಲಿ ದುಡಿಯುತ್ತಿದ್ದವರು ಕುಗ್ಗಿಹೋಗದಿರಲೆಂದು ಬರೆದದ್ದು ಎಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ. ಅವರು ಕೊಟ್ಟ ನೆಮ್ಮದಿ ಕೆಲಸ ಬಿಟ್ಟು ಕೂರುವುದಕ್ಕಲ್ಲ, ಕೆಲಸಕ್ಕೆ ಮರಳುವುದಕ್ಕೆ.

ಕನ್ನಡದ 'ಸಮಾಧಾನ' ಎಂಬ ಮಾತೂ ಯೋಚಿಸಬೇಕಾದದ್ದು. ವೇದಾಂತದಲ್ಲಿ ಶಮ, ದಮ ಮೊದಲಾದ ಆರು ಸಂಪತ್ತುಗಳಲ್ಲಿ ಅದು ಕೊನೆಯದು. ಚಿತ್ತವನ್ನು ಒಂದೆಡೆ ನಿಲ್ಲಿಸುವುದೆಂದು ಅರ್ಥ. ನಮ್ಮ ಮನೆಮಾತಿನಲ್ಲಾದರೋ ಅಳುವ ಮಗುವನ್ನು ಸಮಾಧಾನ ಮಾಡುತ್ತೇವೆ, ಸಾವಿನ ಮನೆಗೆ ಹೋಗಿ ಸಮಾಧಾನ ಹೇಳುತ್ತೇವೆ. ಶಾಸ್ತ್ರದಲ್ಲಿ ಅದು ತಾನು ಪಡೆಯುವಂಥದ್ದು, ಮನೆಯಲ್ಲಿ ಇನ್ನೊಬ್ಬರಿಗೆ ಕೊಡುವಂಥದ್ದು. ಎರಡೂ ಅರ್ಥ ಒಂದೇ ಮಾತಿನಲ್ಲಿ ಇಷ್ಟು ಕಾಲ ಜಗಳವಿಲ್ಲದೆ ಬಾಳಿವೆ.

ನಸುಕಿನಲ್ಲಿ ಕೂರುವುದನ್ನು ನಾವು ಬಿಟ್ಟಿಲ್ಲ. ಫೋನು ಮಾತ್ರ ಈಗ ಭಾನುವಾರದ್ದಲ್ಲ, ದಿನವೂ ರಾತ್ರಿ ಎಂಟಕ್ಕೆ, ಅಮ್ಮನ ಕಣ್ಣಿಗೆ ಹನಿ ಹಾಕುವ ಹೊತ್ತಿಗೆ. ಅತ್ತೆಯ ಕೈ ನಡುಗುತ್ತದೆ. ಒಂದು ಹನಿ ಕೆನ್ನೆಗೆ ಬಿದ್ದರೆ ಇನ್ನೊಂದು ಕಣ್ಣಿಗೆ. 'ಬಿತ್ತೇ?' ಎಂದು ಅತ್ತೆ, 'ಬಿತ್ತು' ಎಂದು ಅಮ್ಮ. ಹನಿ ಹಾಕಿದ ಮೇಲೆ ಕಣ್ಣು ಮುಚ್ಚಿ, ಮೂಗಿನ ಬದಿಯ ಮೂಲೆಯನ್ನು ಬೆರಳಿನಿಂದ ಒತ್ತಿ ಎರಡು ನಿಮಿಷ ಇರಬೇಕೆಂದು ಡಾಕ್ಟರರು ಹೇಳಿದ್ದಾರೆ. ಆ ಎರಡು ನಿಮಿಷ ಅಮ್ಮ ಮಾತನಾಡುವುದಿಲ್ಲ. ನಾವೂ ಮಾತನಾಡುವುದಿಲ್ಲ. ಅಲ್ಲಿನ ಗೋಡೆ ಗಡಿಯಾರದ ಸದ್ದು ಇಲ್ಲಿಗೆ ಕೇಳುತ್ತದೆ, ಮಳೆಗಾಲವಾದರೆ ಹಂಚಿನಿಂದ ನೀರು ಇಳಿಯುವ ಸದ್ದು, ಕೊಟ್ಟಿಗೆಯಲ್ಲಿ ದನ ತಲೆ ಕೊಡವಿದರೆ ಅದರ ಗಂಟೆ. ಆಮೇಲೆ ಅಮ್ಮ ಕೇಳುತ್ತಾಳೆ: "ಇದ್ದೀಯಾ ಮಗಾ?"

"ಇದ್ದೇನೆ ಅಮ್ಮ."

"ತೆಂಗಿನಕಾಯಿ ಕೊಯ್ಯುವವ ಇವತ್ತೂ ಬರಲಿಲ್ಲ, ಗೊತ್ತುಂಟಾ?"